ಚಪ್ಪಲಿಯನ್ನು ಕಪ್ಪೆ ಅಂದ ಮಾಡೆಲ್

ಸಿಫಾರ್-10 ಅನ್ನೋ ಚಿತ್ರಗಳ ಡೇಟಾದಲ್ಲಿ ಇರುವುದು ಹತ್ತೇ ವರ್ಗ: ವಿಮಾನ, ಕಾರು, ಹಕ್ಕಿ, ಬೆಕ್ಕು, ಜಿಂಕೆ, ನಾಯಿ, ಕಪ್ಪೆ, ಕುದುರೆ, ಹಡಗು, ಲಾರಿ. ಅದರ ಮೇಲೆ ಚಿತ್ರ ಗುರುತಿಸುವ ಒಂದು ನ್ಯೂರಲ್ ನೆಟ್‌ವರ್ಕ್ ಮಾಡೆಲ್ (ರೆಸ್‌ನೆಟ್) ಟ್ರೇನ್ ಮಾಡಿದ್ದೆ. ಸುಮ್ನೆ ನೋಡೋಣ ಅಂತ ನನ್ನ ಚಪ್ಪಲಿಯ ಫೋಟೋ ತೆಗೆದು, 32×32 ಪಿಕ್ಸೆಲ್‌ಗೆ ಇಳಿಸಿ ಕೊಟ್ಟೆ. ಕಪ್ಪೆ ಅಂತು. 0.99 ಖಾತ್ರಿಯಂತೆ!

ತಪ್ಪು ಹೇಳಿದ್ದಕ್ಕೆ ಬೇಜಾರಿಲ್ಲ. ಪಟ್ಟಿಯಲ್ಲಿ ಚಪ್ಪಲಿಯೇ ಇಲ್ಲ, ಪಾಪ ಅದಾದರೂ ಏನು ಹೇಳೀತು? ಆದರೆ ಇಷ್ಟೊಂದು ಖಾತ್ರಿ ಎಲ್ಲಿಂದ ಬಂತು? ಮಾಡೆಲ್‌ನ ಕೊನೆಯಲ್ಲಿ ಅಂಕಗಳನ್ನು ಸಂಭವನೀಯತೆಗಳಾಗಿ ಬದಲಿಸುವ ಸಾಫ್ಟ್‌ಮ್ಯಾಕ್ಸ್ ಇದೆ, ಅದು ಕೊಡುವ ಸಂಖ್ಯೆಗಳ ಮೊತ್ತ ಯಾವಾಗಲೂ 1. ಅದನ್ನು ಆ ಹತ್ತಕ್ಕೇ ಹಂಚಬೇಕು. "ಇದು ಯಾವುದೂ ಅಲ್ಲ" ಅನ್ನೋಕೆ ಜಾಗವೇ ಇಲ್ಲ.

ಮೊದಲು ಟೆಂಪರೇಚರ್ ಸ್ಕೇಲಿಂಗ್ ಮಾಡಿದೆ. ಟ್ರೇನಿಂಗ್‌ಗೆ ಬಳಸದೆ ಎತ್ತಿಟ್ಟ ಚಿತ್ರಗಳನ್ನು (ವ್ಯಾಲಿಡೇಷನ್ ಡೇಟಾ) ನೋಡಿ ಒಂದು ಸಂಖ್ಯೆ ಹುಡುಕಿ, ಸಾಫ್ಟ್‌ಮ್ಯಾಕ್ಸ್‌ಗೆ ಹೋಗುವ ಅಂಕಗಳನ್ನೆಲ್ಲ (ಲಾಜಿಟ್‌ಗಳನ್ನೆಲ್ಲ) ಅದರಿಂದ ಭಾಗಿಸುವುದು, ಅಷ್ಟೇ. ಉತ್ತರ ಬದಲಾಗುವುದಿಲ್ಲ, ಖಾತ್ರಿ ಮಾತ್ರ ಹದಕ್ಕೆ ಬರುತ್ತದೆ. ಟೆಸ್ಟ್ ಚಿತ್ರಗಳಿಗೆ ಚೆನ್ನಾಗಿ ಕೆಲಸ ಮಾಡಿತು. ಚಪ್ಪಲಿ ಮಾತ್ರ ಕಪ್ಪೆಯಾಗಿಯೇ ಉಳಿಯಿತು.

ಆಮೇಲೆ ಎಂಸಿ ಡ್ರಾಪ್‌ಔಟ್. 2016ರಲ್ಲಿ ಯಾರಿನ್ ಗಾಲ್ ಮತ್ತು ಜೂಬಿನ್ ಘಹ್ರಮಾನಿ ತೋರಿಸಿದ ದಾರಿ ಇದು. ಡ್ರಾಪ್‌ಔಟ್ ಅಂದರೆ ಟ್ರೇನ್ ಮಾಡುವಾಗ ನೆಟ್‌ವರ್ಕ್‌ನ ಕೆಲವು ಭಾಗಗಳನ್ನು ಮನಬಂದಂತೆ ಆಫ್ ಮಾಡುವುದು. ಅದನ್ನು ಟೆಸ್ಟ್ ಮಾಡುವಾಗಲೂ ಆನ್ ಇಟ್ಟು, ಒಂದೇ ಚಿತ್ರವನ್ನು ಹಲವು ಸಲ ಓಡಿಸಿ, ಉತ್ತರಗಳು ಎಷ್ಟು ಚದುರುತ್ತವೆ ನೋಡಬೇಕು. ನನ್ನ ರೆಸ್‌ನೆಟ್‌ನಲ್ಲಿ ಡ್ರಾಪ್‌ಔಟ್ ಇರಲಿಲ್ಲ. ಕೊನೆಯ ಲೇಯರ್‌ಗೆ ಮುಂಚೆ ಸೇರಿಸಿ ಮತ್ತೆ ಟ್ರೇನ್ ಮಾಡಿದೆ.

ಇಲ್ಲೇ ಎರಡು ದಿನ ಹಾಳಾಗಿದ್ದು. ಡ್ರಾಪ್‌ಔಟ್ ಆನ್ ಆಗಲಿ ಅಂತ ಇಡೀ ಮಾಡೆಲನ್ನೇ ಟ್ರೇನ್ ಮೋಡ್‌ಗೆ ಹಾಕಿದ್ದೆ. ಜೊತೆಗೆ ಬ್ಯಾಚ್‌ನಾರ್ಮ್ (ಒಟ್ಟಿಗೆ ಕೊಟ್ಟ ಚಿತ್ರಗಳ ಸರಾಸರಿ ನೋಡಿ ಸಂಖ್ಯೆಗಳನ್ನು ಹದ ಮಾಡುವ ಲೇಯರ್) ಕೂಡ ಎದ್ದು ಕೂತಿತ್ತು! ಬ್ಯಾಚ್‌ನಲ್ಲಿ ಅಕ್ಕಪಕ್ಕ ಯಾವ ಚಿತ್ರ ಇದೆ ಅನ್ನೋದರ ಮೇಲೆ ಉತ್ತರ ಅಲ್ಲಾಡುತ್ತಿತ್ತು. ಅದು ಕಲಿತಿಟ್ಟ ಸರಾಸರಿಗಳೂ ಪ್ರತಿ ಸಲ ಬದಲಾಗುತ್ತಿದ್ದವು. ನಾನು ಅದನ್ನೇ ಅನಿಶ್ಚಿತತೆ ಅಂದುಕೊಂಡು ಖುಷಿಯಾಗಿದ್ದೆ. ಕೊನೆಗೆ ಎಲ್ಲವನ್ನೂ ಇವ್ಯಾಲ್ (ಟೆಸ್ಟ್ ಮಾಡುವ) ಮೋಡ್‌ಗೆ ತಂದು, ಡ್ರಾಪ್‌ಔಟ್ ಲೇಯರ್ ಒಂದನ್ನು ಮಾತ್ರ ಆನ್ ಮಾಡಿದೆ. ಆಗ ನಿಜ ಗೊತ್ತಾಯಿತು. 30 ಸಲ ಓಡಿಸಿದರೂ ಹೆಚ್ಚುಕಡಿಮೆ ಅದೇ ಕಪ್ಪೆ. ಕೊನೆಯಲ್ಲಿ ಒಂದೇ ಡ್ರಾಪ್‌ಔಟ್ ಇಟ್ಟರೆ ಜಾಸ್ತಿ ಚದುರುವುದಾದರೂ ಹೇಗೆ, ಅಲ್ವಾ?

ಆಮೇಲೆ ಬೇರೆ ಬೇರೆ ಸೀಡ್ (ಟ್ರೇನಿಂಗ್‌ನ ಯಾದೃಚ್ಛಿಕ ಆರಂಭವನ್ನು ನಿರ್ಧರಿಸುವ ಸಂಖ್ಯೆ) ಕೊಟ್ಟು ಐದು ಮಾಡೆಲ್ ಟ್ರೇನ್ ಮಾಡಿದೆ. ಐದು ಪಟ್ಟು ಸಮಯ, ಸೋಮಾರಿಗಳಿಗೆ ಹೇಳಿದ್ದಲ್ಲ. ಈ ಸಲ ಚಪ್ಪಲಿಗೆ ಮೂರು ಕಪ್ಪೆ, ಒಂದು ಲಾರಿ, ಒಂದು ಹಕ್ಕಿ. ಪ್ರತಿಯೊಂದೂ ತನ್ನದೇ ಸರಿ ಅನ್ನುತ್ತಿತ್ತು. ಮಸುಕಾದ ಒಂದು ಬೆಕ್ಕಿನ ಚಿತ್ರಕ್ಕೆ ಹಾಗಲ್ಲ, ಐದೂ ಒಟ್ಟಾಗಿ "ಬೆಕ್ಕೋ ನಾಯಿಯೋ, ಅರ್ಧರ್ಧ" ಅಂದವು. ಐದರ ಉತ್ತರಗಳ ಸರಾಸರಿಯ ಎಂಟ್ರಪಿ (ಗೊಂದಲದ ಅಳತೆ) ಎರಡೂ ಚಿತ್ರಕ್ಕೆ ಜಾಸ್ತಿಯೇ. ಅದರಿಂದ ಪ್ರತಿ ಮಾಡೆಲ್‌ನ ಎಂಟ್ರಪಿಯ ಸರಾಸರಿ ಕಳೆದರೆ ಬೆಕ್ಕಿಗೆ ಸೊನ್ನೆಯ ಹತ್ತಿರ ಬರುತ್ತದೆ, ಚಪ್ಪಲಿಗೆ ಎತ್ತರದಲ್ಲೇ ನಿಲ್ಲುತ್ತದೆ. ಅಂದರೆ ಉಳಿಯುವುದು ಮಾಡೆಲ್‌ಗಳ ನಡುವಿನ ಭಿನ್ನಾಭಿಪ್ರಾಯ. ಈಗ ಆ ವ್ಯತ್ಯಾಸಕ್ಕೊಂದು ಗೆರೆ ಹಾಕಿದ್ದೇನೆ. ಗೆರೆ ದಾಟಿದ ಚಿತ್ರಗಳನ್ನು ನಾನೇ ಕೂತು ನೋಡುತ್ತೇನೆ.