ಪಾರ್ಟ್ ಡಿ ಬದಲಿಸಿದೆ, ದುಡ್ಡು ಉಳಿಯಿತು

"ಎಲ್ಲಾ ಪ್ಲಾನ್‌ಗಳೂ ಒಂದೇ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ" ಎಂದಿದ್ದರು ನನ್ನ ಷಡ್ಡಕರು, ಪಾರ್ಟ್ ಡಿ ಎಂಬ ಮೆಡಿಕೇರ್ ಔಷಧ ವಿಮೆಯ ಬಗ್ಗೆ. ಮೆಡಿಕೇರ್‌ಗೆ, ಅಂದರೆ ಇಲ್ಲಿ ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಗೆ, ನನಗಿಂತ ನಾಲ್ಕು ವರ್ಷ ಮೊದಲು ಸೇರಿದವರು, ಆದ್ದರಿಂದ ಅವರದೇ ಕಡೆಯ ಮಾತು.

ಮೊದಲ ಸಲ ಎಡವಿದ್ದು ನಿಜ. 2023ರ ನವೆಂಬರಿನಲ್ಲಿ ಪ್ರೀಮಿಯಂ ಇಲ್ಲವೆನ್ನುವಷ್ಟು ಕಡಿಮೆ ಇದ್ದ ಪ್ಲಾನ್ ಹಿಡಿದೆ. ಜನವರಿಯಲ್ಲಿ ಎಲಿಕ್ವಿಸ್ (ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆ) ತರಲು ಹೋದಾಗ ಕೌಂಟರಿನ ಹುಡುಗಿ ಐನೂರಕ್ಕೂ ಹೆಚ್ಚು ಡಾಲರ್ ಹೇಳಿದಳು. ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ತೆರಬೇಕಾದ ಮೊತ್ತ! ಹಿಂದೆ ಸಾಲಿನಲ್ಲಿ ಆರು ಜನ. ಕಾರ್ಡ್ ಉಜ್ಜಿ ಹೊರಬಂದೆ.

ಅದೇ ವರ್ಷ, 2024ರ ಸೆಪ್ಟೆಂಬರಿನಲ್ಲಿ, ಮುಂದಿನ ವರ್ಷ ಪ್ಲಾನಿನಲ್ಲಿ ಏನೇನು ಬದಲಾಗುತ್ತದೆ ಎಂಬ ಪತ್ರ ಬಂತು. ಅದನ್ನು ಕಸದ ಬುಟ್ಟಿಗೆ ಹಾಕುವವರೇ ನಮ್ಮಲ್ಲಿ ಹೆಚ್ಚು. ನಾನು ಕುಳಿತು ಓದಿದೆ: ಎಲಿಕ್ವಿಸ್‌ಗೆ ನಾವು ಕೊಡಬೇಕಾದ ನಿಗದಿತ ಪಾಲು (ಕೋಪೇ) ಹೋಗಿ ಬೆಲೆಯ ಶೇಕಡಾ 25 ಬಂದಿತ್ತು. ಪ್ಲಾನ್ ಬದಲಿಸುವ ಅವಧಿ ಶುರುವಾಗುವ ಅಕ್ಟೋಬರ್ 15ಕ್ಕೆ, ಪ್ಲಾನ್‌ಗಳನ್ನು ಹೋಲಿಸಿ ತೋರಿಸುವ ಮೆಡಿಕೇರ್ ಜಾಲತಾಣದ ಪ್ಲಾನ್ ಫೈಂಡರ್ ತೆರೆದೆ. ದಿನಕ್ಕೆರಡು ನುಂಗುವ ಮಾತ್ರೆಗೆ ತಿಂಗಳಿಗೆ 30 ಎಂದು ಒತ್ತಿದ್ದೆ, ಬರಬೇಕಾದದ್ದು 60. ಒಂದು ವಾರ ತಪ್ಪು ಲೆಕ್ಕ ಹಿಡಿದುಕೊಂಡು ಹೆಂಡತಿಯ ಮುಂದೆ ಹಿಗ್ಗುತ್ತಿದ್ದೆ. ಸರಿಪಡಿಸಿದ ಮೇಲೆ ಅದೇ ಮಾತ್ರೆಗಳನ್ನು ಮೂರು ಬೇರೆ ಫಾರ್ಮಸಿಗಳಲ್ಲಿ ಹಾಕಿ ನೋಡಿದೆ. ಪ್ಲಾನ್ ಒಂದೇ, ಅಂಗಡಿ ಬದಲಾದರೆ ವರ್ಷಕ್ಕೆ ಇನ್ನೂರು ಡಾಲರಿನ ಅಂತರ!

ಕೊನೆಗೆ ಹಿಡಿದದ್ದು ತಿಂಗಳಿಗೆ ಐವತ್ತು ಡಾಲರಿನ ಆಸುಪಾಸಿನ ಪ್ರೀಮಿಯಂ ಇದ್ದದ್ದನ್ನು. ಡಿಡಕ್ಟಿಬಲ್ ಹಳೆಯದರ ಅರ್ಧಕ್ಕಿಂತ ಕಡಿಮೆ. ಹಳೆಯದರಲ್ಲೇ ಇದ್ದಿದ್ದರೆ, ಔಷಧಿಗೆ ನಮ್ಮ ಜೇಬಿನಿಂದ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಹೋಗಬಾರದೆಂದು ಸರ್ಕಾರ ಇಟ್ಟ 2025ರ 2,000 ಡಾಲರ್ ಮಿತಿಯನ್ನೇ ಮುಟ್ಟುತ್ತಿದ್ದೆ. ಹೊಸದರಲ್ಲಿ ಪ್ರೀಮಿಯಂ ಸೇರಿ 1,400ರ ಒಳಗೆ ಮುಗಿಯಿತು. "ಅದು ಸರ್ಕಾರದ ಮಿತಿಯಿಂದ ಉಳಿದದ್ದು, ನಿಮ್ಮ ಜಾಣತನದಿಂದಲ್ಲ" ಎಂದರು ಷಡ್ಡಕರು. ಮಿತಿ ಎರಡೂ ಪ್ಲಾನ್‌ಗಳಿಗೆ ಒಂದೇ ಅಲ್ಲವೇ ಎಂದೆ. ಉತ್ತರ ಬರಲಿಲ್ಲ.

ಹಳೆಯ ಪ್ಲಾನನ್ನು ನಾನಾಗಿ ರದ್ದು ಮಾಡಲಿಲ್ಲ. ಹೊಸದಕ್ಕೆ ಸೇರಿದರೆ ಅದು ತಾನೇ ಕಳಚಿಕೊಳ್ಳುತ್ತದೆ. ಕೊನೆಯ ದಿನವಾದ ಡಿಸೆಂಬರ್ 7ರವರೆಗೆ ಕಾಯಲೂ ಇಲ್ಲ.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಮೈಸೂರಿನ ಜನೌಷಧಿ ಅಂಗಡಿಯಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಂದೆ. ಇಲ್ಲಿ ಅದು ಹೇಗೂ ಪುಕ್ಕಟೆಯ ಹತ್ತಿರ, ಸೂಟ್‌ಕೇಸಿನ ಜಾಗ ದಂಡ. ಆ ಜಾಗಕ್ಕೆ ಚಟ್ನಿಪುಡಿಯಾದರೂ ಬರುತ್ತಿತ್ತು. ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್ ಅನ್ನು ವಿಮೆ ಬಿಟ್ಟು ರಿಯಾಯಿತಿ ಕೂಪನ್ನಿನಲ್ಲಿ ಕೊಂಡೆ, ತೊಂಬತ್ತು ಮಾತ್ರೆಗೆ ಹನ್ನೆರಡೋ ಹದಿಮೂರೋ ಡಾಲರ್. ಆದರೆ ಆ ಹಣ ಮಿತಿಯ ಲೆಕ್ಕಕ್ಕೆ ತಾನಾಗಿ ಸೇರುವುದಿಲ್ಲ.

ಸೇರುವ ಮೊದಲು ಫಾರ್ಮಸಿಗೆ ಫೋನ್ ಮಾಡಿ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ಕಾಫಿಯ ಜೊತೆ ಹೇಳುತ್ತೇನೆ.

ಮೊನ್ನೆ ಷಡ್ಡಕರು ತಮ್ಮ ಮಾತ್ರೆಗಳ ಪಟ್ಟಿ ಕಳುಹಿಸಿದ್ದಾರೆ, "ಬಿಡುವಾದಾಗ ಸ್ವಲ್ಪ ನೋಡಿ" ಎಂದು. ಒಟ್ಟು ಹನ್ನೊಂದು, ಒಂದಕ್ಕೂ ಮಿಲಿಗ್ರಾಂ ಬರೆದಿಲ್ಲ.