ಹಸುವನ್ನು ದೂರ ಕಟ್ಟಿದೆ, ನೊಣವನ್ನು ಮರೆತೆ

2022ರ ದಸರಾ ಕಳೆದು ಒಂದು ವಾರ ಆಗಿತ್ತು. ಅರಸೀಕೆರೆ ಕಡೆ ನಮ್ಮೂರಲ್ಲಿ ಮಳೆ ಬಿಡುವೇ ಕೊಟ್ಟಿರಲಿಲ್ಲ. ಬೆಳಿಗ್ಗೆ ಗೌರಿ ಬೂಸಾ ಮುಟ್ಟಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಕಿವಿ ಹಿಡಿದರೆ ಕೈ ಸುಡುತ್ತಿತ್ತು. ಹೊತ್ತಿಗೆ ಒಂಬತ್ತು ಲೀಟರ್ ಕೊಡುತ್ತಿದ್ದವಳು ಎರಡಕ್ಕೆ ಇಳಿದಿದ್ದಳು.

ಡಾಕ್ಟರು ನೋಡಿದರು, ಜ್ವರ 105 ಡಿಗ್ರಿ. ಭುಜದ ಮುಂದೆ ನನ್ನ ಕೈ ಇಡಿಸಿದರು. ಚರ್ಮದಡಿ ನಿಂಬೆಹಣ್ಣಿನಷ್ಟು ಗಡ್ಡೆ. ಮೈಮೇಲೆ ಇನ್ನೂ ಒಂದು ಗಂಟೂ ಎದ್ದಿರಲಿಲ್ಲ. ಎರಡೇ ದಿನಕ್ಕೆ ಕತ್ತು, ಪಕ್ಕೆ, ಕೆಚ್ಚಲು ಎಲ್ಲಾ ಕಡೆ ಎದ್ದವು. ಚರ್ಮಗಂಟು ರೋಗ. ವೈರಸ್ಸಿಗೆ ಅಂತ ಮದ್ದಿಲ್ಲ, ಇಂಜೆಕ್ಷನ್ ಕೊಡೋದು ಜ್ವರ ಇಳಿಯಲಿ, ಗಾಯ ಕೀವಾಗದಿರಲಿ ಅಂತ. ಇದು ಬಾರದಿರಲಿ ಅಂತ ಹಸುಗಳಿಗೆ ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕುತ್ತಿದ್ದರು, ಹಾಕುವವರು ತಿಂಗಳ ಹಿಂದೆಯೇ ಊರಿಗೆ ಬಂದಿದ್ದರು. ಹಾಲು ಕಡಿಮೆಯಾಗುತ್ತೆ ಅಂತ ಕಳಿಸಿಬಿಟ್ಟವಳು ನಾನೇ.

ಉಳಿದ ಎರಡಕ್ಕೆ ಅಂಟದಿರಲಿ ಅಂತ ಗೌರಿಯನ್ನು ಕೊಟ್ಟಿಗೆಯಿಂದ ಮೂವತ್ತು ಹೆಜ್ಜೆ ಆಚೆ, ಹಲಸಿನ ಮರದಡಿ ಕಟ್ಟಿದೆ. ಬಕೆಟ್ ಬೇರೆ, ಹಗ್ಗ ಬೇರೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಮೂರನೇ ದಿನ ಬಂದ ಡಾಕ್ಟರು ಹಸುವಿಗಿಂತ ಮೊದಲು ಸುತ್ತಮುತ್ತ ನೋಡಿದರು. "ಏನಮ್ಮಾ, ತಿಪ್ಪೆ ಪಕ್ಕದಲ್ಲೇ ಕಟ್ಟಿದೀಯಲ್ಲ!" ಮರದ ಬುಡದಲ್ಲೇ ನಮ್ಮ ತಿಪ್ಪೆ, ಗಂಜಲದಲ್ಲಿ ನೆಂದು ಕೊಳೆತ ರಾಗಿಹುಲ್ಲು. ಕಚ್ಚುವ ನೊಣ ಮೊಟ್ಟೆಯಿಡೋದೇ ಅಲ್ಲಿ. ಗೌರಿಯ ಮುಂಗಾಲು ತೋರಿಸಿದರು. ಅಡುಗೆಮನೆ ನೊಣದಂಥವೇ ನಾಲ್ಕೈದು, ತಲೆ ಮೇಲೆ ಮಾಡಿ ಕೂತಿದ್ದವು, ಮೂತಿ ಮಾತ್ರ ಸೂಜಿ. ಗೌರಿ ಕಾಲು ನೆಲಕ್ಕೆ ಬಡಿದಳು, ಎದ್ದವು. ಅರ್ಧ ಹೊಟ್ಟೆಯಲ್ಲಿ ಎದ್ದ ನೊಣ ಹಸಿ ಮೂತಿಯಲ್ಲೇ ಹೋಗಿ ಇನ್ನೊಂದು ಹಸುವಿಗೆ ಚುಚ್ಚುತ್ತದೆ. ಅದಕ್ಕೆ ಮೂವತ್ತು ಹೆಜ್ಜೆ ಯಾವ ಲೆಕ್ಕ? ಸೊಳ್ಳೆ, ಉಣ್ಣೆಯೂ ಇದೇ ಕೆಲಸ ಮಾಡುತ್ತವಂತೆ.

ಅವತ್ತೇ ಇಬ್ಬರು ಆಳು ಹಿಡಿದು ತಿಪ್ಪೆಯನ್ನು ಹೊಲದಾಚೆ ಸಾಗಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಗಂಜಲದ ಕಾಲುವೆ ಕೆರೆದು ಸುಣ್ಣ ಹಾಕಿದೆ. ಸಂಜೆ ಬೇವಿನ ಸೊಪ್ಪಿನ ಹೊಗೆ. ಹೊಗೆ ಇರುವಷ್ಟು ಹೊತ್ತು ಸರಿ, ಆರಿದ ಮೇಲೆ ಮತ್ತೆ ಅವೇ. ನಿಜಕ್ಕೂ ಕೆಲಸಕ್ಕೆ ಬಂದದ್ದು ಕೊಟ್ಟಿಗೆಗೆ ಸುತ್ತಿದ ಸೊಳ್ಳೆಪರದೆ.

ಆದರೂ ಹನ್ನೊಂದನೇ ದಿನ ಕಡಸಿಗೂ ಜ್ವರ ಬಂತು. ತಿಪ್ಪೆ ಎತ್ತುವ ಮುಂಚೆಯೇ ಕಚ್ಚಿತ್ತೇನೋ. ನಾಲ್ಕೇ ಗಂಟು, ವಾರದಲ್ಲಿ ಮೇವು ಹಿಡಿಯಿತು.

ಗೌರಿಯನ್ನು ಹಣ್ಣು ಮಾಡಿದ್ದು ಗಂಟಲ್ಲ, ಕಾಲಿನ ಬಾವು. ಹಿಂಗಾಲು ಬಾಳೆದಿಂಡಿನ ಹಾಗೆ ಊದಿ ಮಲಗಿದವಳು ಏಳಲೇ ಇಲ್ಲ. ಅಡಿಗೆ ಹುಲ್ಲು ದಪ್ಪ ಹಾಸಿ ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಿಸಿದೆವು. ಅತ್ತೆ ಹತ್ತು ವೀಳ್ಯದೆಲೆ, ಹತ್ತತ್ತು ಗ್ರಾಂ ಮೆಣಸು, ಉಪ್ಪು ಅರೆದು ಬೆಲ್ಲಕ್ಕೆ ಕಲಸಿ ನಾಲಿಗೆಗೆ ಸವರುತ್ತಿದ್ದರು. ಡೇರಿಯಲ್ಲಿ ಹೇಳಿಕೊಟ್ಟ ಮದ್ದು. ಅದರಿಂದ ವಾಸಿಯಾಯಿತು ಅಂತ ನಾನು ಹೇಳಲಾರೆ, ಬಾಯಿಗೆ ರುಚಿ ಬಂದದ್ದು ಮಾತ್ರ ಕಣ್ಣಾರೆ ಕಂಡೆ. ಆರನೇ ದಿನ ಮುಂಗಾಲು ಊರಿ ಎದ್ದಳು.

ಆಮೇಲೆ ಗಂಟುಗಳು ಒಣಗಿ, ಸುತ್ತ ಬಿರಿದು, ರೂಪಾಯಿ ಬಿಲ್ಲೆಯಂತೆ ಕಳಚಿ ಬಿದ್ದವು. ಅಡಿಯಲ್ಲಿ ಕೆಂಪು ಗುಳಿ. ಬೇವು, ಬೆಳ್ಳುಳ್ಳಿ, ಅರಿಶಿನ, ಕುಪ್ಪಿಗಿಡ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ಗುಳಿಯಲ್ಲಿ ಹುಳ ಬಿತ್ತು, ಸೀತಾಫಲದ ಎಲೆ ಅರೆದು ತುಂಬಿದೆ. ಬಿದ್ದ ಹೊಪ್ಪಳೆಯಲ್ಲಿ ವೈರಸ್ಸು ತಿಂಗಳಿಗೂ ಮೇಲ್ಪಟ್ಟು ಉಳಿಯುತ್ತದಂತೆ. ಒಂದೊಂದನ್ನೂ ಹೆಕ್ಕಿ ಸುಟ್ಟೆ.

ಆ ವರ್ಷ ಬಲಿಪಾಡ್ಯಮಿಗೆ ನಮ್ಮ ಹಸುಗಳು ಕಿಚ್ಚು ಹಾಯಲಿಲ್ಲ. ಗೌರಿಯ ಹಾಲು ಆರು ಲೀಟರಿನ ಮೇಲೆ ಏರಲೇ ಇಲ್ಲ. ಈಗ ಲಸಿಕೆಯವರು ಬಂದರೆ ಹಗ್ಗ ಹಿಡಿದು ಮೊದಲು ನಿಲ್ಲುವವಳು ನಾನು. ತಿಪ್ಪೆ ದೂರವಾಯಿತು, ಸಗಣಿ ಹೊತ್ತು ಸೊಂಟ ಬಿದ್ದುಹೋಯಿತು ಅಂತ ಅತ್ತೆ ಇವತ್ತಿಗೂ ಗೊಣಗುತ್ತಾರೆ.