ತೂಬಿನ ಹಲಗೆ ತೆಗೆದ ವರ್ಷ

ನಮ್ಮೂರು ಗದಗ ಜಿಲ್ಲೆಯ ಮಾಗಡಿ ಕೆರೆಯ ಹತ್ತಿರ. ಕೆರೆ ತುಂಬಿದರೆ ಒಳ್ಳೆ ವರ್ಷ, ಬತ್ತಿದರೆ ಬರ. ನನಗೆ ಗೊತ್ತಿದ್ದ ಲೆಕ್ಕ ಇಷ್ಟೇ. ಹಾಗಿರುವಾಗ ಅಮೆರಿಕದ ಪಶ್ಚಿಮ ಮಿನ್ನೆಸೋಟದಲ್ಲಿ ಜೌಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಸುಮಾರು 80 ಎಕರೆಯ ತುಂಬಿದ ಕೆರೆಯನ್ನು ಖಾಲಿ ಮಾಡು ಅಂದಾಗ ನಿಜಕ್ಕೂ ಕೈ ಬರಲಿಲ್ಲ.

ಇಲ್ಲಿಯ ಇಂಥ ಕೆರೆಗಳು, ಅಂದರೆ ಹುಲ್ಲುಗಾವಲಿನ ಹೊಂಡಗಳು, 10,000 ವರ್ಷಕ್ಕೂ ಹಿಂದೆ ಹಿಮನದಿಗಳು ಕರಗಿದಾಗ ಉಳಿದ ಗುಂಡಿಗಳು. ಅಯೋವಾದಿಂದ ಕೆನಡಾದ ಆಲ್ಬರ್ಟಾ ತನಕ ಹರಡಿವೆ. ಉತ್ತರ ಅಮೆರಿಕದ ಬಾತುಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಟ್ಟುವುದು ಇಲ್ಲೇ. ಆದರೆ ಮಿನ್ನೆಸೋಟದ ಹುಲ್ಲುಗಾವಲು ಭಾಗದಲ್ಲಿ ಹೆಚ್ಚಿನ ಹೊಂಡಗಳನ್ನು ಮೆಕ್ಕೆಜೋಳ, ಸೋಯಾಗಾಗಿ ಯಾವತ್ತೋ ಬಸಿದುಬಿಟ್ಟಿದ್ದಾರೆ.

ನಮ್ಮ ಕೆರೆಯಲ್ಲಿ ನೀರೇನೋ ಇತ್ತು, ಚಹಾದ ಬಣ್ಣದ್ದು. ಕಾರಣ ಕಾಮನ್ ಕಾರ್ಪ್, ಅದೇ ನಮ್ಮ ಸಾಮಾನ್ಯ ಗೆಂಡೆ. ಕಾಲುವೆ ಹತ್ತಿ ಬಂದ ಈ ಮೀನು ತಳ ಕೆದಕಿ ಕೆಸರೆಬ್ಬಿಸುತ್ತದೆ, ಬೆಳಕು ಇಳಿಯದೆ ನೀರೊಳಗಿನ ಗಿಡ ಸಾಯುತ್ತದೆ, ಗಿಡ ಹೋದ ಮೇಲೆ ಹುಳವೂ ಇಲ್ಲ, ಹುಳವಿಲ್ಲದೆ ಮೊಟ್ಟೆಯಿಡುವ ಹೆಣ್ಣು ಬಾತು ಏನು ತಿನ್ನಬೇಕು? ಹಿಂದೆಲ್ಲ ಆಗಾಗ ಬರ ಬಂದು ಕೆರೆ ತಾನೇ ಬತ್ತುತ್ತಿತ್ತು, ಮೀನು ಸಾಯುತ್ತಿತ್ತು. ಈಗ ಸುತ್ತಲಿನ ಹೊಲಗಳ ಬಸಿನೀರೆಲ್ಲ ಇಲ್ಲಿಗೇ ಬಂದು ಬತ್ತುವುದೇ ಇಲ್ಲ. ಆ ಬರವನ್ನು ನಾವೇ ತರಬೇಕು.

ಇಲ್ಲಿಯ ತೂಬಿನಲ್ಲಿ ಒಂದರ ಮೇಲೊಂದು ಹಲಗೆ ಇರುತ್ತವೆ. ಕೆಲವು ದಿನಕ್ಕೊಂದು ತೆಗೆಯಬೇಕು. ನಾನು ಆತುರಕ್ಕೆ ಎರಡು ಒಟ್ಟಿಗೆ ತೆಗೆದೆ. ಕೆಳಗಿನ ರೈತನ ಸೋಯಾ ಹೊಲದ ಅಂಚಿನಲ್ಲಿ ನೀರು ನಿಂತಿತು. ಬೆಳಿಗ್ಗೆ ಆರಕ್ಕೇ ಫೋನ್. ತಪ್ಪು ನನ್ನದೇ, ಹೋಗಿ ಒಂದು ಹಲಗೆ ವಾಪಸ್ ಹಾಕಿದೆ.

ಜೂನ್ ಹೊತ್ತಿಗೆ ಬರೀ ಕೆಸರು. ಫೋಟೋ ನೋಡಿದ ಅವ್ವ "ಅಲ್ಲೂ ಮಳಿ ಇಲ್ಲೇನಪಾ?" ಅಂದಳು.

ಬೇಟೆಗಾರರು ಅಷ್ಟು ಮೆತ್ತಗೆ ಕೇಳಲಿಲ್ಲ. ಅವರ ಸಿಟ್ಟಿಗೂ ಅರ್ಥವಿದೆ ಬಿಡಿ. ಬಾತು ಬೇಟೆಗೆ 16 ವರ್ಷ ತುಂಬಿದವರೆಲ್ಲ 25 ಡಾಲರ್ ಕೊಟ್ಟು ಡಕ್ ಸ್ಟಾಂಪ್ ಅನ್ನುವ ಸರ್ಕಾರಿ ಚೀಟಿ ಕೊಳ್ಳಬೇಕು. ಈ ಸ್ಟಾಂಪ್ ಶುರುವಾಗಿದ್ದು 1934ರಲ್ಲಿ. ಆ ದುಡ್ಡಿನಲ್ಲಿ ಇಂಥ ಸಣ್ಣ ಜೌಗು ಕೊಳ್ಳಲು 1958ರಲ್ಲಿ ಕಾನೂನು ತಿದ್ದಿದರು. ಹಾಗಾಗಿ ಕೆರೆ ತಮ್ಮದು ಅನ್ನುತ್ತಾರೆ, ಸರಿಯಾಗೇ ಅನ್ನುತ್ತಾರೆ. ಸೆಪ್ಟೆಂಬರಿನಲ್ಲಿ ದೋಣಿ ಎಳೆದುಕೊಂಡು ಬಂದವನೊಬ್ಬ ಅರ್ಧ ಗಂಟೆ ಬೈದ. ಕೆರೆ ಯಾಕೆ ಖಾಲಿ ಅಂತ ನಾನು ಒಂದು ಬೋರ್ಡನ್ನೂ ಹಾಕಿರಲಿಲ್ಲ, ಏನು ಹೇಳಲಿ!

ಕೆಸರು ಮಾತ್ರ ಸುಮ್ನೆ ಕೂತಿರಲಿಲ್ಲ. ತಳದಲ್ಲಿ ವರ್ಷಗಟ್ಟಲೆ ಮಲಗಿದ್ದ ಬೀಜಗಳು ಕೆಲವೇ ವಾರದಲ್ಲಿ ಮೊಳೆತವು. ಚಳಿಗಾಲದಲ್ಲಿ ಉಳಿದ ಚೂರು ನೀರು ತಳದವರೆಗೆ ಹೆಪ್ಪುಗಟ್ಟಿ ಗೆಂಡೆ ಸತ್ತವು. ಆದರೆ ನಾನು ಬೇಸಿಗೆಯಿಡೀ ಕೆಸರನ್ನು ಒದ್ದೆಯಾಗೇ ಬಿಟ್ಟಿದ್ದೆ, ಜೊಂಡಿಗೆ ಅದೇ ಹಬ್ಬ. ಒಂದು ಬದಿ ಪೂರ್ತಿ ಗೋಡೆಯ ಹಾಗೆ ಬೆಳೆದುಬಿಟ್ಟಿತು. ನಮಗೆ ಬೇಕಾದದ್ದು ಅರ್ಧ ಜೊಂಡು, ಅರ್ಧ ಬಯಲು ನೀರು, ಬಾತು ಮರಿಗಳಿಗೆ ಅದೇ ಹಿತ.

ಅದಕ್ಕೆ ಉಪಾಯ ಹಳೆಯ ಸಹೋದ್ಯೋಗಿ ಹೇಳಿಕೊಟ್ಟರು. ಜೊಂಡಿನ ಬೇರು ಉಸಿರಾಡುವುದು ಮೇಲಿನ ಕಾಂಡದಿಂದ, ಒಣಗಿದ ಕಾಂಡವೂ ಗಾಳಿಯ ಕೊಳವೆಯೇ. ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ಟರ್ ಓಡಿಸಿ ಬುಡದ ತನಕ ಕತ್ತರಿಸಿದೆವು. ಮಂಜು ಬಿರುಕು ಬಿಡುವ ಸದ್ದು ಕೇಳಿದಾಗಲೆಲ್ಲ ಊರಿನ ದೇವರೆಲ್ಲ ನೆನಪಾದರು. ವಸಂತದಲ್ಲಿ ಹಲಗೆ ಹಾಕಿ ನೀರು ಏರಿಸಿದಾಗ ಬುಡಗಳು ಮುಳುಗಿ, ಉಸಿರುಗಟ್ಟಿ ಸತ್ತವು. ಎಲ್ಲವೂ ಅಲ್ಲ, ಮೂಲೆಯಲ್ಲೊಂದಿಷ್ಟು ಈಗಲೂ ಹಠ ಮಾಡುತ್ತಿವೆ.

ಆ ಬೇಸಿಗೆ ನೀರಲ್ಲಿ ನನ್ನ ಬೂಟಿನ ತುದಿ ಕಾಣಿಸಿತು. ನೀಲಿರೆಕ್ಕೆಯ ಟೀಲ್ ಅನ್ನುವ ಬಾತಿನ ಮರಿಗಳ ಸಾಲು ಕಂಡಿತು. ಬೈದಿದ್ದ ಆಸಾಮಿಗೆ ಒಂದು ಗಾಜಿನ ಜಾಡಿಯಲ್ಲಿ ಕೆರೆ ನೀರು ತುಂಬಿ ತೋರಿಸಿದೆ, ಒಳಗೆ ಹುಳಗಳು ಕುಣಿಯುತ್ತಿದ್ದವು. "ಮುಂಚೆನೇ ಹೇಳೋದಲ್ವಾ" ಅಂದ.

ತೂಬಿಗೆ ಈಗ ಮೀನು ತಡೆಯುವ ಜಾಲರಿ ಇದೆ, ಕಸ ಕಟ್ಟಿಕೊಂಡಾಗಲೆಲ್ಲ ಹೋಗಿ ಕೆರೆಯಬೇಕು. ಆದರೂ ಗೆಂಡೆ ಹೇಗೋ ನುಸುಳುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕೆರೆ ಖಾಲಿ ಮಾಡಬೇಕಾಗುತ್ತದೆ. ಆಗ ಹಲಗೆಗೆ ಕೈ ಹಾಕುವ ಮೊದಲು ಪಾರ್ಕಿಂಗ್ ಹತ್ತಿರ ಬೋರ್ಡು ನೆಡುತ್ತೇನೆ, ಕೆಳಗಿನ ರೈತನಿಗೂ ಫೋನ್ ಮಾಡುತ್ತೇನೆ.